ಓದುಗರ ಪ್ರಶ್ನೆ, ನಮ್ಮ ಉತ್ತರ: ಡೆಲವೇರ್ ನದಿ ದಾಟಿದ ಆ ರಾತ್ರಿ

ತೇಲುವ ಮಂಜುಗಡ್ಡೆಗಳ ನಡುವೆ ಒಂದು ದೋಣಿ, ಅದರಲ್ಲಿ ಎದೆ ಸೆಟೆಸಿ ನಿಂತಿರುವ ಜಾರ್ಜ್ ವಾಷಿಂಗ್ಟನ್, ಹಿಂದೆ ಹಾರುವ ಬಾವುಟ. ಈ ಚಿತ್ರವನ್ನು ಎಲ್ಲೋ ನೋಡಿ, ಇದರ ಹಿಂದಿನ ಕಥೆ ಏನು ಅಂತ ಕೇಳಿದವರು ಈ ಸಲ ಬಹಳ ಜನ. ಹಾಗಾಗಿ ಈ ಬಾರಿಯ ಅಂಕಣ ಪೂರ್ತಿ ಅದಕ್ಕೇ ಮೀಸಲು. 1776ರ ಡಿಸೆಂಬರ್ 25ರ ರಾತ್ರಿ ಅಮೆರಿಕದ ಡೆಲವೇರ್ ನದಿಯನ್ನು, ಬ್ರಿಟಿಷರಿಂದ ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ವಾಷಿಂಗ್ಟನ್‌ನ ಸೋತು ಸುಣ್ಣವಾದ ಸೈನ್ಯ ಗುಟ್ಟಾಗಿ ದಾಟಿತು. ಬೆಳಗಾಗುವಷ್ಟರಲ್ಲಿ ಯುದ್ಧದ ದಿಕ್ಕೇ ಬೇರೆಯಾಗಿತ್ತು.

ಹಾಗೆ ನಿಂತುಕೊಂಡರೆ ದೋಣಿ ಮಗುಚಿಕೊಳ್ಳಲ್ವಾ? ಆ ಚಿತ್ರದಲ್ಲಿರುವುದರಲ್ಲಿ ನಿಜ ಎಷ್ಟು? (ದಾವಣಗೆರೆಯ ಓದುಗರು)

ಚಿತ್ರದಲ್ಲಿರುವಂಥ ಸಣ್ಣ ದೋಣಿಯಾದರೆ ಖಂಡಿತ ಮಗುಚಿಕೊಳ್ಳುತ್ತದೆ. ನಿಜವಾಗಿ ಬಳಸಿದ್ದು ಅಂಥ ದೋಣಿಯಲ್ಲ. ಅದು ತುಂಬ ದೊಡ್ಡದು, ಕೂರಲು ಹಲಗೆ ಇಲ್ಲದ್ದು. ಅದರಲ್ಲಿ ವಾಷಿಂಗ್ಟನ್ ಒಬ್ಬನೇ ಏಕೆ, ಹೆಚ್ಚು ಕಡಿಮೆ ಎಲ್ಲರೂ ನಿಂತೇ ದಾಟಿದ್ದು. ಅಂದರೆ ಜನ ಅನುಮಾನ ಪಡುವ ಸಂಗತಿಯೇ ಚಿತ್ರದಲ್ಲಿ ಸರಿಯಾಗಿದೆ!

ಉಳಿದದ್ದು ಬೇರೆ ಮಾತು. ಚಿತ್ರ ಬರೆದವನು ಇಮ್ಯಾನ್ಯುಯೆಲ್ ಲಾಯ್ಟ್ಸೆ. ಜರ್ಮನಿಯಲ್ಲಿ ಹುಟ್ಟಿ, ಅಮೆರಿಕದಲ್ಲಿ ಬೆಳೆದು, ಮತ್ತೆ ಜರ್ಮನಿಗೆ ಹೋಗಿದ್ದವನು. ಇದನ್ನು ಅಲ್ಲಿನ ಡಸೆಲ್‌ಡಾರ್ಫ್ ಊರಿನಲ್ಲಿ 1851ರಲ್ಲಿ ಮುಗಿಸಿದ. ಘಟನೆ ನಡೆದು ಆಗಲೇ 75 ವರ್ಷ ಕಳೆದಿತ್ತು. ದಾಟಿದ್ದು ಕಗ್ಗತ್ತಲಲ್ಲಿ, ಚಿತ್ರದಲ್ಲಿ ಬೆಳಕು ಹರಿದಿದೆ. ನಕ್ಷತ್ರ ಮತ್ತು ಪಟ್ಟೆಗಳ ಆ ಬಾವುಟ ಅಂಗೀಕಾರವಾದದ್ದೇ 1777ರ ಜೂನ್‌ನಲ್ಲಿ, ಹಾಗಾಗಿ ಆ ರಾತ್ರಿ ಅದು ಅಲ್ಲಿರಲು ಸಾಧ್ಯವೇ ಇಲ್ಲ. ಬಾವುಟ ಹಿಡಿದಿರುವ ಯುವಕ ಜೇಮ್ಸ್ ಮನ್ರೋ, ಮುಂದೆ ಅಮೆರಿಕದ 5ನೇ ಅಧ್ಯಕ್ಷನಾದವನು. ಅವನು ಆ ರಾತ್ರಿ ನದಿ ದಾಟಿದ್ದು ನಿಜ, ಆದರೆ ವಾಷಿಂಗ್ಟನ್ ಜೊತೆ ಅಲ್ಲ.

ಇಷ್ಟು ತಪ್ಪು ಇದೆ ಅಂತ ಆ ಚಿತ್ರವನ್ನು ಪಕ್ಕಕ್ಕೆ ಸರಿಸಬೇಡಿ. 1848ರಲ್ಲಿ ಯುರೋಪಿನ ಹಲವು ಕಡೆ ರಾಜರ ವಿರುದ್ಧ ಜನ ಎದ್ದು ಸೋತಿದ್ದರು. ಆ ಸೋತವರಿಗೆ ಧೈರ್ಯ ತುಂಬಲು ಲಾಯ್ಟ್ಸೆ ಇದನ್ನು ಬರೆದದ್ದು. ಚಿತ್ರದ ಮೊದಲ ಪ್ರತಿ ಎರಡನೇ ಮಹಾಯುದ್ಧದಲ್ಲಿ ಬ್ರೆಮೆನ್ ನಗರದ ಮೇಲೆ ಬಾಂಬ್ ಬಿದ್ದಾಗ ಸುಟ್ಟುಹೋಯಿತು. ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ಈಗ ಇರುವುದು ಎರಡನೇ ಪ್ರತಿ. ಅಗಲ 21 ಅಡಿಗಿಂತ ಜಾಸ್ತಿ. ಎದುರು ನಿಂತರೆ ಗೋಡೆಯೇ ಮೈಮೇಲೆ ಬಂದಂತಿರುತ್ತದೆ.

ನಡುಚಳಿಗಾಲ, ಅದೂ ಹಬ್ಬದ ರಾತ್ರಿ. ಅಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳುವ ಅವಸರ ಏನಿತ್ತು? (ಹಾಸನದಿಂದ ಪಿಯುಸಿ ವಿದ್ಯಾರ್ಥಿನಿ)

ಒಳ್ಳೆ ಪ್ರಶ್ನೆ ಕಣಮ್ಮ. ಉತ್ತರ ಒಂದು ತಾರೀಖಿನಲ್ಲಿದೆ: ಡಿಸೆಂಬರ್ 31.

ಆಗಿನ ಅಮೆರಿಕದ ಸೈನಿಕರು ಇಷ್ಟು ತಿಂಗಳು ಅಂತ ಒಪ್ಪಂದ ಮಾಡಿಕೊಂಡು ಸೇರಿದವರು. ಅವರಲ್ಲಿ ಬಹಳ ಮಂದಿಯ ಒಪ್ಪಂದ ಆ ವರ್ಷದ ಕೊನೆಯ ದಿನ ಮುಗಿಯುತ್ತಿತ್ತು. ಸಂಬಳ ಸರಿಯಾಗಿ ಬಂದಿರಲಿಲ್ಲ. ಕಾಲಿಗೆ ಶೂ ಇರಲಿಲ್ಲ, ಎಷ್ಟೋ ಜನ ಹರಕು ಬಟ್ಟೆ ಸುತ್ತಿಕೊಂಡು ನಡೆಯುತ್ತಿದ್ದರು. ಜನವರಿ ಒಂದಕ್ಕೆ ಇವರೆಲ್ಲ ಮನೆಗೆ ಹೊರಟರೆ ಯುದ್ಧ ಮಾಡಲು ಯಾರಿದ್ದಾರೆ?

ಅದಕ್ಕೂ ಮುಂಚಿನ ಐದು ತಿಂಗಳು ಬರೀ ಸೋಲು. ಜುಲೈ 4ಕ್ಕೆ ಸ್ವಾತಂತ್ರ್ಯ ಘೋಷಣೆಯೇನೋ ಆಯಿತು. ಆಗಸ್ಟ್‌ನಲ್ಲಿ ಲಾಂಗ್ ಐಲೆಂಡ್‌ನಲ್ಲಿ ಸೋತರು. ನ್ಯೂಯಾರ್ಕ್ ಕೈತಪ್ಪಿತು. ನವೆಂಬರ್ 16ರಂದು ಫೋರ್ಟ್ ವಾಷಿಂಗ್ಟನ್ ಕೋಟೆ ಬಿತ್ತು, ಅಲ್ಲಿ ಎರಡೂವರೆ ಸಾವಿರಕ್ಕಿಂತ ಹೆಚ್ಚು ಜನ ಸೆರೆ ಸಿಕ್ಕರು. ಅಲ್ಲಿಂದ ನ್ಯೂಜೆರ್ಸಿ ಉದ್ದಕ್ಕೂ ಓಡುತ್ತಾ ಓಡುತ್ತಾ ಡಿಸೆಂಬರ್ ಮೊದಲ ವಾರದಲ್ಲಿ ಡೆಲವೇರ್ ದಾಟಿ ಪೆನ್ಸಿಲ್ವೇನಿಯ ಸೇರಿದರು. ಬ್ರಿಟಿಷರು ಫಿಲಡೆಲ್ಫಿಯಾಕ್ಕೂ ಬಂದುಬಿಡುತ್ತಾರೆ ಎಂದು ಹೆದರಿ ಅವರ ಪ್ರತಿನಿಧಿಗಳ ಸಭೆಯಾದ ಕಾಂಗ್ರೆಸ್ ಅಲ್ಲಿಂದ ಬಾಲ್ಟಿಮೋರ್‌ಗೆ ಹೋಯಿತು. ಮರುದಿನವೇ ವಾಷಿಂಗ್ಟನ್ ನಂತರದ ದೊಡ್ಡ ಸೇನಾನಿ ಚಾರ್ಲ್ಸ್ ಲೀ ಶತ್ರುವಿನ ಕೈಗೆ ಸಿಕ್ಕಿಬಿದ್ದ. ಆಟ ಮುಗಿಯುತ್ತಾ ಬಂತು ಅನ್ನಿಸುತ್ತಿದೆ ಎಂದು ವಾಷಿಂಗ್ಟನ್ ತನ್ನ ತಮ್ಮನಿಗೆ ಡಿಸೆಂಬರ್ 18ರಂದು ಕಾಗದ ಬರೆದ. ಇದನ್ನು ಬರೆದು ಬರೀ ಒಂದು ವಾರಕ್ಕೆ ಅವನು ನದಿ ದಾಟಿದ್ದು.

ಹಾಗಾಗಿ ಅದನ್ನು ಬರೀ ಸಾಹಸ ಅಂತ ನೋಡಿದರೆ ಅರ್ಧ ಮಾತ್ರ ಅರ್ಥವಾಗುತ್ತದೆ. ವಾಷಿಂಗ್ಟನ್ ಕೈಯಲ್ಲಿ ಸೈನ್ಯ ಇದ್ದದ್ದೇ ಇನ್ನು ಆರು ದಿನ.

ನಾವು ತಲೆತಲಾಂತರದಿಂದ ನದಿ ಬಾಯಲ್ಲೇ ಬದುಕಿದವರು. ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಫಿರಂಗಿ ಸಮೇತ ಒಂದೇ ರಾತ್ರಿ ದಾಟಿಸುವುದು ಸುಮ್ನೆ ಮಾತಲ್ಲ. ದೋಣಿ ಯಾವುವು, ನಡೆಸಿದವರು ಯಾರು? (ಹೊನ್ನಾವರದ ಓದುಗರು)

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಮನಸಾರೆ ನಮಸ್ಕಾರ. ಯಾಕೆಂದರೆ ಇಡೀ ಘಟನೆಯಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ, ಹೆಚ್ಚಿನವರು ಒಂದು ಸಾಲಿನಲ್ಲಿ ಮುಗಿಸಿ ಮುಂದೆ ಹೋಗುವುದೂ ಇದನ್ನೇ.

ಮೊದಲು ದೋಣಿ. ಡೆಲವೇರ್ ನದಿಯ ಮೇಲ್ಭಾಗದಲ್ಲಿ ಡರ್ಹಮ್ ಎಂಬಲ್ಲಿ ಕಬ್ಬಿಣದ ಕಾರ್ಖಾನೆ ಇತ್ತು. ಅಲ್ಲಿನ ಕಬ್ಬಿಣವನ್ನು ಫಿಲಡೆಲ್ಫಿಯಾಕ್ಕೆ ಸಾಗಿಸಲು ಮಾಡಿದ ದೋಣಿಗಳಿಗೆ ಡರ್ಹಮ್ ದೋಣಿ ಅಂತಲೇ ಹೆಸರು. 40ರಿಂದ 60 ಅಡಿ ಉದ್ದ, 8 ಅಡಿ ಅಗಲ, ತಳ ಚಪ್ಪಟೆ. ಟನ್‌ಗಟ್ಟಲೆ ಹೊರೆ ಹೇರಿದರೂ ಎರಡೂವರೆ ಅಡಿ ನೀರಿದ್ದರೆ ಸಾಕು, ತೇಲುತ್ತದೆ. ಇಳಿಮುಖದಲ್ಲಿ ನೀರಿನ ಸೆಳೆತವೇ ಒಯ್ಯುತ್ತದೆ, ಏರುಮುಖದಲ್ಲಿ ಗಳ ಊರಿ ತಳ್ಳಬೇಕು. ಗಳ ಊರುವುದು ಅಂದರೆ ಏನು ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ ಬಿಡಿ. ಕಬ್ಬಿಣ ಹೊರುವ ದೋಣಿಯಲ್ಲಿ ಕೂರಲು ಜಾಗ ಯಾರು ಮಾಡುತ್ತಾರೆ? ಅದಕ್ಕೇ ಸೈನಿಕರು ನಿಂತು ದಾಟಿದ್ದು.

ಕುದುರೆ ಮತ್ತು ಫಿರಂಗಿಗಳಿಗೆ ಬೇರೆ ವ್ಯವಸ್ಥೆ. ಅಲ್ಲಿ ಮೆಕಾಂಕೀಸ್ ಫೆರಿ ಎಂಬ ಕಡವು ಇತ್ತು. ಎತ್ತಿನ ಗಾಡಿ, ಜಾನುವಾರು ದಾಟಿಸುವ ಅಗಲವಾದ ಫೆರಿಗಳಿದ್ದವು. ನಮ್ಮ ಕಡೆಯ ಜಂಗಲ್ ದೋಣಿ ನೆನಪಿಸಿಕೊಳ್ಳಿ, ಹೆಚ್ಚು ಕಡಿಮೆ ಅದೇ. ಅವುಗಳ ಮೇಲೆ 18 ಫಿರಂಗಿ ಹೋದವು.

ಇನ್ನು ಈ ದೋಣಿಗಳು ಒಂದೇ ಕಡೆ ಸಿಕ್ಕಿದ್ದು ಹೇಗೆ? ಓಡಿಬಂದ ಹೊತ್ತಿನಲ್ಲೇ ವಾಷಿಂಗ್ಟನ್ ಒಂದು ಜಾಣತನ ಮಾಡಿದ್ದ. ನದಿಯ ಎರಡೂ ದಡದಲ್ಲಿ ಮೈಲುಗಟ್ಟಲೆ ದೂರದವರೆಗೆ ಇದ್ದ ದೋಣಿಗಳನ್ನೆಲ್ಲ ತನ್ನ ದಡಕ್ಕೆ ತರಿಸಿಬಿಟ್ಟಿದ್ದ. ಹಿಂದೆಯೇ ಅಟ್ಟಿಸಿಕೊಂಡು ಬಂದ ಬ್ರಿಟಿಷರಿಗೆ ದಾಟಲು ಒಂದು ದೋಣಿಯೂ ಸಿಗಬಾರದು ಅಂತ. ಜೀವ ಉಳಿಸಿಕೊಳ್ಳಲು ಕೂಡಿಟ್ಟ ಅದೇ ದೋಣಿಗಳು ಎರಡು ವಾರದ ಮೇಲೆ ದಾಳಿಗೆ ಬಂದವು.

ಈಗ ಜನ. ಮ್ಯಾಸಚೂಸೆಟ್ಸ್‌ನ ಕಡಲ ತೀರದ ಮಾರ್ಬಲ್‌ಹೆಡ್ ಎಂಬ ಊರಿನ ಮೀನುಗಾರರು. ಅವರ ನಾಯಕ ಜಾನ್ ಗ್ಲೋವರ್. ಚಳಿಯ ಅಟ್ಲಾಂಟಿಕ್‌ನಲ್ಲಿ ಕಾಡ್ ಮೀನು ಹಿಡಿದು ಬದುಕಿದವರು. ಬಿಳಿಯರ ಜೊತೆಗೆ ಕಪ್ಪು ಜನರೂ ಅಲ್ಲಿನ ಮೂಲನಿವಾಸಿಗಳೂ ಆ ಪಡೆಯಲ್ಲಿದ್ದರು. ಹಡಗಿನಲ್ಲಿ ಒಟ್ಟಿಗೆ ದುಡಿದವರು, ಯುದ್ಧಕ್ಕೂ ಒಟ್ಟಿಗೇ ಬಂದರು. ಆಗಸ್ಟ್‌ನಲ್ಲಿ ಲಾಂಗ್ ಐಲೆಂಡ್‌ನಲ್ಲಿ ಸಿಕ್ಕಿಹಾಕಿಕೊಂಡಿದ್ದ ಸುಮಾರು 9,000 ಸೈನಿಕರನ್ನು ಒಂದೇ ರಾತ್ರಿಯಲ್ಲಿ, ಶತ್ರುವಿಗೆ ಸುಳಿವೇ ಸಿಗದಂತೆ ಈಸ್ಟ್ ರಿವರ್ ದಾಟಿಸಿದವರೂ ಇವರೇ. ಡೆಲವೇರ್‌ನಲ್ಲಿ ಇವರ ಜೊತೆ ಆ ಕಡವಿನ ಸ್ಥಳೀಯ ಅಂಬಿಗರು, ಫಿಲಡೆಲ್ಫಿಯಾ ಬಂದರಿನ ಕೆಲಸಗಾರರು ಸೇರಿದರು.

ನದಿ ಅಲ್ಲಿ ಅಂಥ ಅಗಲವೇನಲ್ಲ, ಸುಮಾರು 250ರಿಂದ 300 ಮೀಟರ್. ಆದರೆ ಸೆಳವು ಜೋರು, ಮಂಜುಗಡ್ಡೆ ತೇಲಿ ಬಂದು ದೋಣಿಗೆ ಬಡಿಯುತ್ತಿತ್ತು. ಮೊದಲು ತುಂತುರು ಮಳೆ, ಆಮೇಲೆ ಆಲಿಕಲ್ಲು, ಹಿಮ, ಈಶಾನ್ಯದ ಕೊರೆಯುವ ಗಾಳಿ. ಬಾಸ್ಟನ್‌ನಲ್ಲಿ ಪುಸ್ತಕದಂಗಡಿ ನಡೆಸುತ್ತಿದ್ದ ಹೆನ್ರಿ ನಾಕ್ಸ್ ಈಗ ಫಿರಂಗಿ ದಳದ ಮುಖ್ಯಸ್ಥ. ಆ ಗಾಳಿಯಲ್ಲೂ ಎರಡು ದಡಕ್ಕೆ ಕೇಳುವಂಥ ಗಂಟಲು ಅವನದು, ಅದರಲ್ಲೇ ಕೂಗಿ ಕೂಗಿ ಎಲ್ಲವನ್ನೂ ನಡೆಸಿದ. 2,400 ಜನ ದಾಟಿದರು, ಒಬ್ಬನೂ ನೀರುಪಾಲಾಗಲಿಲ್ಲ, ಒಂದು ಫಿರಂಗಿಯೂ ಮುಳುಗಲಿಲ್ಲ.

ಅದೇ ರಾತ್ರಿ ಇನ್ನೆರಡು ಪಡೆ ಕೆಳಗಡೆ ಬೇರೆ ಜಾಗಗಳಲ್ಲಿ ದಾಟಬೇಕಿತ್ತು. ಯೂಯಿಂಗ್‌ನ ಪಡೆಗೆ ಮಂಜುಗಡ್ಡೆಯಿಂದ ಸಾಧ್ಯವೇ ಆಗಲಿಲ್ಲ. ಕ್ಯಾಡ್ವಾಲಡರ್ ಕೆಲವರನ್ನು ದಾಟಿಸಿದ, ಫಿರಂಗಿ ದಾಟಲಿಲ್ಲ, ಕೊನೆಗೆ ದಾಟಿದವರನ್ನೂ ವಾಪಸ್ ಕರೆಸಿಕೊಂಡ. ಮೂರು ಪಡೆಗಳಲ್ಲಿ ಪೂರ್ತಿ ದಾಟಿದ್ದು ಗ್ಲೋವರ್‌ನ ಮೀನುಗಾರರಿದ್ದ ಪಡೆ ಒಂದೇ. ಆ ರಾತ್ರಿಯ ಗೆಲುವು ಯಾರದ್ದು ಅಂತ ಕೇಳಿದರೆ ನಾನು ಮೊದಲು ಇವರ ಹೆಸರು ಹೇಳುತ್ತೇನೆ.

ಶತ್ರು ಸೈನಿಕರು ಹಬ್ಬದ ಕುಡಿತದಲ್ಲಿ ಮೈಮರೆತಿದ್ದರು, ಅದಕ್ಕೇ ಸೋತರು ಅಂತ ಕೇಳಿದ್ದೇನೆ. ಹೌದಾ? (ಬೆಳಗಾವಿಯ ಮಾಜಿ ಸೈನಿಕರು)

ಇಲ್ಲ ಸರ್. ಈ ಮಾತು ಬಹಳ ಕಡೆ ಓಡಾಡುತ್ತದೆ, ಆದರೆ ಅದಕ್ಕೆ ಆಧಾರ ಇಲ್ಲ. ನದಿಯ ಆಚೆ ಟ್ರೆಂಟನ್ ಊರಿನಲ್ಲಿದ್ದವರು ಸುಮಾರು 1,500 ಹೆಸ್ಸಿಯನ್ ಸೈನಿಕರು. ಜರ್ಮನಿಯ ಹೆಸ್ಸೆ-ಕಾಸೆಲ್ ಸಂಸ್ಥಾನದಿಂದ ಬ್ರಿಟನ್ ಬಾಡಿಗೆಗೆ ತಂದ ಪಡೆ, ಶಿಸ್ತಿಗೆ ಹೆಸರಾದವರು. ಮುಖ್ಯಸ್ಥ ಯೋಹಾನ್ ರಾಲ್.

ಅವರು ಕುಡಿದು ಬಿದ್ದಿರಲಿಲ್ಲ, ದಣಿದು ಹೋಗಿದ್ದರು. ವಾರಗಟ್ಟಲೆಯಿಂದ ನ್ಯೂಜೆರ್ಸಿಯ ರೈತರ ಗುಂಪುಗಳು ಅವರ ಕಾವಲು ಠಾಣೆಗಳ ಮೇಲೆ, ಕಾಗದ ಒಯ್ಯುವ ಸವಾರರ ಮೇಲೆ ಬೀಳುತ್ತಲೇ ಇದ್ದವು. ದಿನಾ ರಾತ್ರಿ ಎಚ್ಚರ, ಬೂಟು ಬಿಚ್ಚದೆ ಮಲಗುವುದು. ನೀವು ಗಡಿ ಕಾದವರು, ಹೀಗೆ ವಾರಗಟ್ಟಲೆ ನಡೆದರೆ ಆಳು ಏನಾಗುತ್ತಾನೆ ಅಂತ ನಿಮಗೇ ಗೊತ್ತು.

ರಾಲ್‌ಗೆ ದಾಳಿಯಾಗಬಹುದೆಂಬ ಎಚ್ಚರಿಕೆಯೂ ಬಂದಿತ್ತು. ಅಲ್ಲಿ ಒಂದು ವಿಚಿತ್ರ ನಡೆಯಿತು. ಅದೇ ಸಂಜೆ ಅಮೆರಿಕನ್ನರ ಒಂದು ಸಣ್ಣ ಗುಂಪು, ವಾಷಿಂಗ್ಟನ್‌ಗೆ ಗೊತ್ತಿಲ್ಲದೆಯೇ, ಟ್ರೆಂಟನ್‌ನ ಹೊರ ಕಾವಲಿನ ಮೇಲೆ ಗುಂಡು ಹಾರಿಸಿ ಓಡಿಹೋಗಿತ್ತು. ಎಲ್ಲರೂ ಹೇಳುತ್ತಿದ್ದ ದಾಳಿ ಇದೇ ಇರಬೇಕು, ಮುಗಿಯಿತು ಅಂದುಕೊಂಡ ರಾಲ್. ದಾರಿಯಲ್ಲಿ ಈ ಗುಂಪು ಎದುರಾದಾಗ ವಾಷಿಂಗ್ಟನ್‌ಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಗುಟ್ಟೆಲ್ಲ ಹಾಳಾಯಿತು ಅಂತ ಬೈದ. ವಾಸ್ತವವಾಗಿ ಗುಟ್ಟು ಉಳಿಯಲು ಅದೇ ನೆರವಾಯಿತು. ಮೇಲೆ ಆ ಹವಾಮಾನ. ಅಂಥ ಬಿರುಗಾಳಿಯಲ್ಲಿ ಯಾರು ಬರುತ್ತಾರೆ ಎಂದು ಬೆಳಗಿನ ಗಸ್ತನ್ನೂ ಕೈಬಿಟ್ಟರು.

ಯೋಜನೆ ಪ್ರಕಾರ ನಡುರಾತ್ರಿಗೆ ದಾಟುವುದು ಮುಗಿಯಬೇಕಿತ್ತು. ಮುಗಿದದ್ದು ಬೆಳಗಿನ ಜಾವ 3ಕ್ಕೆ, ಹೊರಟದ್ದು 4ಕ್ಕೆ. ಟ್ರೆಂಟನ್‌ಗೆ ಇನ್ನೂ 9 ಮೈಲಿ. ಬೆಳಕು ಹರಿಯುವ ಮುಂಚೆ ತಲುಪುವುದು ಆಗದ ಮಾತು ಅಂತ ವಾಷಿಂಗ್ಟನ್‌ಗೆ ಗೊತ್ತಾಯಿತು. ಆದರೆ ಹಿಂದಕ್ಕೆ ಹೋಗುವುದೂ ಅಪಾಯವೇ, ದಾಟುವಾಗ ಶತ್ರು ಕಂಡರೆ ಎಲ್ಲರೂ ಸತ್ತಂತೆ. ಮುಂದಕ್ಕೇ ನಡೆದರು. ಮದ್ದು ಒದ್ದೆಯಾಗಿದೆ, ಬಂದೂಕು ಹಾರುವುದಿಲ್ಲ ಅಂತ ವಾಷಿಂಗ್ಟನ್‌ನ ಕೈಕೆಳಗಿನ ಸೇನಾನಿ ಸಲಿವನ್ ಹೇಳಿ ಕಳಿಸಿದಾಗ, ಬಯೊನೆಟ್‌ನಿಂದ ಇರಿಯಿರಿ, ಊರು ಹಿಡಿಯಲೇಬೇಕು ಎಂಬ ಉತ್ತರ ಬಂತು.

ಬೆಳಗ್ಗೆ 8ಕ್ಕೆ ಎರಡು ಕಡೆಯಿಂದ ಊರಿಗೆ ನುಗ್ಗಿದರು. ಫಿರಂಗಿಗಳನ್ನು ಮುಖ್ಯ ಬೀದಿಗಳ ತಲೆಯಲ್ಲಿ ನಿಲ್ಲಿಸಿದ್ದರಿಂದ ಹೆಸ್ಸಿಯನ್ನರಿಗೆ ಸಾಲುಗಟ್ಟಿ ನಿಲ್ಲಲೂ ಆಗಲಿಲ್ಲ. ಸುಮಾರು ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು. 22 ಹೆಸ್ಸಿಯನ್ನರು ಸತ್ತರು, ಹತ್ತಿರ ಹತ್ತಿರ 900 ಮಂದಿ ಸೆರೆಯಾದರು. ರಾಲ್ ಗುಂಡೇಟಿನಿಂದ ತೀರಿಕೊಂಡ. ಯೂಯಿಂಗ್‌ನ ಪಡೆ ದಾಟಿದ್ದರೆ ತಡೆಯಬೇಕಿದ್ದ ಸೇತುವೆ ಮೇಲಿಂದ ಕೆಲವು ನೂರು ಜನ ತಪ್ಪಿಸಿಕೊಂಡರು. ಅಮೆರಿಕನ್ನರಲ್ಲಿ ಕಾಳಗದಲ್ಲಿ ಸತ್ತವರಿಲ್ಲ. ದಾರಿಯಲ್ಲಿ ಚಳಿಗೆ ಇಬ್ಬರು ಸತ್ತರು ಎಂದು ಹೇಳುತ್ತಾರೆ. ಗಾಯಗೊಂಡ ಕೆಲವರಲ್ಲಿ 18 ವರ್ಷದ ಮನ್ರೋ ಒಬ್ಬ. ಭುಜಕ್ಕೆ ಗುಂಡು ತಗುಲಿ ರಕ್ತ ಹರಿದುಹೋಗುತ್ತಿತ್ತು, ಜೊತೆಗಿದ್ದ ವೈದ್ಯ ತಕ್ಷಣ ರಕ್ತನಾಳ ಬಿಗಿಹಿಡಿದು ಉಳಿಸಿದ.

ಒಂದು ಗಂಟೆಯ ಕಾಳಗಕ್ಕೆ ಇತಿಹಾಸದಲ್ಲಿ ಇಷ್ಟು ದೊಡ್ಡ ಜಾಗ ಯಾಕೆ? ಅಮೆರಿಕದವರು ಉಬ್ಬಿಸಿ ಹೇಳಿದ್ದಲ್ವಾ? (ಮೈಸೂರಿನ ಓದುಗರು)

ಉಬ್ಬಿಸಿದ್ದು ಇದೆ. ಆ ಒಂದು ರಾತ್ರಿಯೇ ಸ್ವಾತಂತ್ರ್ಯ ತಂದಿತು ಅನ್ನುವುದು ಸರಿಯಲ್ಲ. ಯುದ್ಧ ಇನ್ನೂ ಏಳು ವರ್ಷ ಎಳೆಯಿತು. ಫ್ರಾನ್ಸ್ ಬಹಿರಂಗವಾಗಿ ಜೊತೆಗೂಡಿದ್ದು 1777ರ ಸಾರಟೋಗಾ ಗೆಲುವಿನ ನಂತರ, 1778ರಲ್ಲಿ. ಸೈನ್ಯದ ಗಾತ್ರ ನೋಡಿದರೂ ಟ್ರೆಂಟನ್ ಸಣ್ಣ ಕಾಳಗವೇ.

ಆದರೆ ಸಾರಟೋಗಾದವರೆಗೆ ಬದುಕಿರಲು ಒಂದು ಸೈನ್ಯ ಬೇಕಿತ್ತಲ್ಲ, ಅದು ಉಳಿದದ್ದು ಇಲ್ಲಿ. ಗೆದ್ದ ಮೇಲೆ ಪೆನ್ಸಿಲ್ವೇನಿಯಕ್ಕೆ ವಾಪಸಾಗಿದ್ದ ವಾಷಿಂಗ್ಟನ್ ಡಿಸೆಂಬರ್ ಕೊನೆಗೆ ಮತ್ತೆ ನದಿ ದಾಟಿ ಟ್ರೆಂಟನ್‌ಗೆ ಬಂದ. ಇನ್ನು ಆರು ವಾರ ಉಳಿಯಿರಿ, ತಲಾ 10 ಡಾಲರ್ ಕೊಡುತ್ತೇನೆ ಅಂತ ಸೈನಿಕರನ್ನು ಕೇಳಿದ. ಗೆದ್ದ ಸೈನ್ಯಕ್ಕೆ ಈ ಮಾತು ಹೇಳುವುದಕ್ಕೂ ಸೋತ ಸೈನ್ಯಕ್ಕೆ ಹೇಳುವುದಕ್ಕೂ ಬಹಳ ವ್ಯತ್ಯಾಸ. ಸಾಕಷ್ಟು ಜನ ಉಳಿದರು. ಮಾರ್ಬಲ್‌ಹೆಡ್‌ನ ಮೀನುಗಾರರು ಮಾತ್ರ ಹೆಚ್ಚಿನವರು ಊರಿಗೆ ಹೋದರು. ನನಗೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಎರಡು ಸಲ ಇಡೀ ಸೈನ್ಯವನ್ನು ನೀರಿನ ಮೇಲೆ ಹೊತ್ತವರು, ಮನೆಯಲ್ಲಿ ಹೆಂಡತಿ ಮಕ್ಕಳು ಚಳಿಗಾಲ ಕಳೆಯಬೇಕಿತ್ತು.

ಜನವರಿ 2ಕ್ಕೆ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸ್ ದೊಡ್ಡ ಪಡೆಯೊಂದಿಗೆ ಬಂದು ವಾಷಿಂಗ್ಟನ್‌ನನ್ನು ಟ್ರೆಂಟನ್‌ನಲ್ಲಿ ನದಿಗೆ ಒತ್ತಿ ನಿಲ್ಲಿಸಿದ. ಬೆಳಗ್ಗೆ ಮುಗಿಸೋಣ ಅಂತ ಮಲಗಿದ. ರಾತ್ರಿ ಇಡೀ ಶಿಬಿರದ ಬೆಂಕಿ ಉರಿಯುತ್ತಲೇ ಇತ್ತು, ಆದರೆ ಬೆಂಕಿ ಹಾಕಲು ಕೆಲವರನ್ನು ಬಿಟ್ಟು ಸೈನ್ಯ ಹೊರಟುಹೋಗಿತ್ತು. ಫಿರಂಗಿ ಗಾಲಿಗಳಿಗೆ ಬಟ್ಟೆ ಸುತ್ತಿ, ಬಳಸು ದಾರಿ ಹಿಡಿದು, ಬೆಳಗ್ಗೆ ಪ್ರಿನ್ಸ್‌ಟನ್‌ನಲ್ಲಿ ಇನ್ನೊಂದು ಬ್ರಿಟಿಷ್ ಪಡೆಯನ್ನು ಸೋಲಿಸಿತು. ಬ್ರಿಟಿಷರು ನ್ಯೂಜೆರ್ಸಿಯ ಬಹುಭಾಗ ಬಿಟ್ಟು ಹಿಂದೆ ಸರಿದರು. ನದಿ ದಾಟಿದ್ದು, ಟ್ರೆಂಟನ್, ಪ್ರಿನ್ಸ್‌ಟನ್, ಈ ಹತ್ತು ದಿನಗಳನ್ನು ಒಟ್ಟಿಗೆ ನೋಡಿದರೆ ಜಾಗ ಯಾಕೆ ದೊಡ್ಡದು ಅಂತ ತಿಳಿಯುತ್ತದೆ.

ಒಂದು ಮಾತು ಸೇರಿಸಲೇಬೇಕು. ಆ ದೋಣಿಗಳಲ್ಲಿ ಹುಟ್ಟು ಹಾಕಿದ, ಗಳ ಊರಿದ ಕಪ್ಪು ಜನರ ಬಂಧುಬಳಗದವರು ಯುದ್ಧ ಗೆದ್ದ ಮೇಲೂ ಲಕ್ಷಗಟ್ಟಲೆ ಗುಲಾಮರಾಗಿಯೇ ಉಳಿದರು. ವಾಷಿಂಗ್ಟನ್‌ನ ಸ್ವಂತ ಜಮೀನಿನಲ್ಲೂ ಗುಲಾಮರಿದ್ದರು. ಆ ರಾತ್ರಿಯನ್ನು ಮೆಚ್ಚುವಾಗ ಇದನ್ನು ಬದಿಗಿಡಲು ನನ್ನಿಂದ ಆಗುವುದಿಲ್ಲ.

ಆ ಕಾರ್ನ್‌ವಾಲಿಸ್, ನಮ್ಮ ಶ್ರೀರಂಗಪಟ್ಟಣಕ್ಕೆ ಬಂದಿದ್ದನಲ್ಲ, ಅವನೇನಾ? ನಮ್ಮಲ್ಲೂ ಹೀಗೆ ನದಿ ದಾಟಿದ್ದು ಇದೆಯಾ? (ಮಂಡ್ಯದ ಓದುಗರು)

ಅವನೇ. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ವಾಷಿಂಗ್ಟನ್ ಮತ್ತು ಫ್ರೆಂಚರಿಗೆ ಶರಣಾದ ಕಾರ್ನ್‌ವಾಲಿಸ್ 1786ರಲ್ಲಿ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದ. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ ಹಿಡಿದ. ಮೇ ತಿಂಗಳಲ್ಲಿ ನಿಮ್ಮ ಅರಕೆರೆವರೆಗೂ ಬಂದ, ಆದರೆ ಮಳೆ ಹಿಡಿಯಿತು, ಎತ್ತುಗಳು ಸತ್ತವು, ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಹಿಂದೆ ಹೋದ. ಮತ್ತೆ ಬಂದು 1792ರ ಫೆಬ್ರವರಿ 6ರ ರಾತ್ರಿ ಟಿಪ್ಪುವಿನ ಶಿಬಿರದ ಮೇಲೆ ಬಿದ್ದಾಗ ಅವನ ಸೈನಿಕರು ಕತ್ತಲಲ್ಲೇ ಕಾವೇರಿ ದಾಟಿ ದ್ವೀಪದ ಮೇಲೆ ಕಾಲಿಟ್ಟರು. ಟ್ರೆಂಟನ್‌ನಲ್ಲಿ ರಾತ್ರಿ ಕಾಯದೆ ಮಲಗಿ ಕೆಟ್ಟವನು ಇಲ್ಲಿ ರಾತ್ರಿಯನ್ನೇ ಆರಿಸಿಕೊಂಡ.

1799ರ ಮೇ 4 ಇನ್ನೂ ಬೇರೆ ಥರ. ಬ್ರಿಟಿಷ್ ಸೇನಾನಿ ಬೇರ್ಡ್‌ನ ಪಡೆ ಕಾವೇರಿ ದಾಟಿ ಶ್ರೀರಂಗಪಟ್ಟಣದ ಒಡೆದ ಗೋಡೆ ಹತ್ತಿದ್ದು ಮಧ್ಯಾಹ್ನ ಸುಮಾರು 1ಕ್ಕೆ, ಸುಡುಬಿಸಿಲಲ್ಲಿ. ಅಂಥ ಹೊತ್ತಿನಲ್ಲಿ ಯಾರೂ ಬರುವುದಿಲ್ಲ ಅಂತ ಕೋಟೆಯವರು ತುಸು ಸಡಿಲವಾಗಿರುತ್ತಾರೆ ಅನ್ನುವ ಲೆಕ್ಕ. ಬೇಸಿಗೆಯ ಕಾವೇರಿಯಲ್ಲಿ ನೀರು ಕಡಿಮೆ, ಬಂಡೆ ಜಾಸ್ತಿ, ದೋಣಿ ಬೇಕಿರಲಿಲ್ಲ. ಮುಂಗಾರು ಬಂದು ಹೊಳೆ ತುಂಬುವ ಮೊದಲೇ ಮುಗಿಸುವ ಅವಸರ ಅವರಿಗಿತ್ತು. ಈ ಬೇರ್ಡ್ 1780ರ ಪೊಲ್ಲಿಲೂರು ಕಾಳಗದಲ್ಲಿ ಸೆರೆಸಿಕ್ಕು ಅದೇ ಶ್ರೀರಂಗಪಟ್ಟಣದಲ್ಲಿ ಬಂದಿಯಾಗಿದ್ದವನು.

ಡೆಲವೇರ್‌ಗೂ ಮೈಸೂರಿಗೂ ಇನ್ನೊಂದು ನಂಟಿದೆ. ಪೊಲ್ಲಿಲೂರಿನಲ್ಲಿ ಕಂಪನಿ ಸೈನ್ಯವನ್ನು ಮಣ್ಣುಮುಕ್ಕಿಸಿದ ಹೈದರ್ ಅಲಿಯ ಹೆಸರು ಅಮೆರಿಕದಲ್ಲೂ ಚೆನ್ನಾಗಿ ಗೊತ್ತಿತ್ತು. ಪೆನ್ಸಿಲ್ವೇನಿಯದವರು ತಮ್ಮ ಒಂದು ಯುದ್ಧನೌಕೆಗೆ ಅವನ ಹೆಸರನ್ನೇ ಇಟ್ಟಿದ್ದರು, ‘ಹೈದರ್ ಅಲಿ’ ಅಂತ. 1782ರ ಏಪ್ರಿಲ್ 8ರಂದು, ಅಂದರೆ ಹೈದರ್ ಇನ್ನೂ ಬದುಕಿದ್ದಾಗಲೇ, ಇದೇ ಡೆಲವೇರ್ ನದಿ ಕಡಲು ಸೇರುವ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ನಾಯಕ ಆ ನೌಕೆಯಿಂದ ತನಗಿಂತ ಬಲವಾಗಿದ್ದ ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಅರ್ಧ ಗಂಟೆಯೊಳಗೆ ಸೋಲಿಸಿ ಹಿಡಿದ. ನಮ್ಮ ಶಾಲೆಯ ಪಾಠಗಳಲ್ಲಿ ಇದಕ್ಕೆ ಒಂದು ಸಾಲಾದರೂ ಜಾಗ ಸಿಗಬೇಕು.

ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಊರಿಂದ ಅಪ್ಪ ಅಮ್ಮ ಬರುತ್ತಿದ್ದಾರೆ, ಅಪ್ಪನಿಗೆ ಇತಿಹಾಸ ಅಂದರೆ ಪ್ರಾಣ. ನೋಡಲು ಏನಿದೆ? (ಎಡಿಸನ್‌ನಿಂದ ಓದುಗರು)

ಬಹಳ ಇದೆ, ಎಲ್ಲ ನಿಮಗೆ ಹತ್ತಿರ. ದಾಟಿದ ಜಾಗದಲ್ಲಿ ನದಿಯ ಎರಡೂ ಕಡೆ ಉದ್ಯಾನಗಳಿವೆ. ಮೊದಲು ಪೆನ್ಸಿಲ್ವೇನಿಯ ಕಡೆಯ ವಾಷಿಂಗ್ಟನ್ ಕ್ರಾಸಿಂಗ್‌ಗೆ ಹೋಗಿ, ಅಲ್ಲಿ ಡರ್ಹಮ್ ದೋಣಿಯ ಮಾದರಿಗಳನ್ನು ಇಟ್ಟಿದ್ದಾರೆ. ಅವನ್ನು ನೋಡಿದ ಮೇಲೇ ನದಿ ನೋಡಿ, ಆಗ ಲೆಕ್ಕ ಅರ್ಥವಾಗುತ್ತದೆ. ಅಲ್ಲಿಂದ ಕಿರಿದಾದ ಸೇತುವೆ ದಾಟಿದರೆ ನ್ಯೂಜೆರ್ಸಿ ಕಡೆಯ ಜಾನ್ಸನ್ ಫೆರಿ ಹೌಸ್. ಟ್ರೆಂಟನ್‌ನಲ್ಲಿ 1758ರಲ್ಲಿ ಕಟ್ಟಿದ ಓಲ್ಡ್ ಬ್ಯಾರಕ್ಸ್ ಈಗ ಮ್ಯೂಸಿಯಂ, ಫಿರಂಗಿ ನಿಲ್ಲಿಸಿದ ಬೀದಿತಲೆಯಲ್ಲಿ ಎತ್ತರದ ಸ್ಮಾರಕ ಇದೆ. ಪ್ರಿನ್ಸ್‌ಟನ್ ರಣಭೂಮಿಯೂ ಅದೇ ದಿನ ಮುಗಿಯುತ್ತದೆ.

ಡಿಸೆಂಬರ್ 25ಕ್ಕೆ ಸ್ಥಳೀಯರು ಆಗಿನ ಉಡುಪು ತೊಟ್ಟು ನದಿ ದಾಟಿ ತೋರಿಸುತ್ತಾರೆ, ಹಗಲಿನಲ್ಲಿ. ನೀರು ಅಥವಾ ಗಾಳಿ ಜೋರಿದ್ದರೆ ರದ್ದಾಗುತ್ತದೆ, ಹಾಗೆ ಎಷ್ಟೋ ವರ್ಷ ಆಗಿದೆ. ಹೊರಡುವ ಮುಂಚೆ ವಿಚಾರಿಸಿಕೊಳ್ಳಿ, ಅಪ್ಪ ಅಮ್ಮನಿಗೆ ದಪ್ಪ ಕೋಟು, ಕಿವಿ ಮುಚ್ಚುವ ಟೋಪಿ ಮರೆಯಬೇಡಿ. ನದಿ ದಡದ ಗಾಳಿ ಅವತ್ತಿನಷ್ಟೇ ಚಳಿ.